ರೆಸ್ಟ್, ಡಬ್ಲ್ಯೂ ಇರುವುದು

ರೂವಿಯ ಬಸ್ ನಿಲ್ದಾಣದ ಹಿಂದೆ, ಜ್ಯೂಸಿನಂಗಡಿಗೂ
ಚಿನ್ನದಂಗಡಿಯ ಹಿಂಬಾಗಿಲಿಗೂ ನಡುವೆ
ನನ್ನ ಟೈಪಿಂಗ್ ಸೆಂಟರ್.
ನನ್ನದು ಅಂದೆ; ಅದು ಬಾಯಿಚಾಳಿ.
ಬೋರ್ಡಿನ ಮೇಲೆ ಅರಬಾಬನ ಹೆಸರು,
ಕೀಲಿಮಣೆಯ ಮೇಲೆ ಮಾತ್ರ ನನ್ನ ಬೆರಳು.
ಅರ್ಜಿಗೆ ಒಂದು ರಿಯಾಲ್, ತಪ್ಪು ತಿದ್ದಿದರೆ ಇನ್ನೂರು ಬೈಸಾ.

ಶುಕ್ರವಾರ, ಜುಮ್ಮಾ ಮುಗಿದ ಹೊತ್ತು,
ಫಕೀರವ್ವ ಬಂದಳು, ಲಕ್ಷ್ಮೇಶ್ವರದವಳು.
ಕುರ್ಚಿ ತೋರಿಸಿದೆ, ಕೂರಲಿಲ್ಲ.
"ಪಾಸ್‌ಪೋರ್ಟ್ ಕಸಗೊಂಡಾರ್ರೀ. ಇಂಗ್ಲೀಷಿನಾಗ ಬರೀರಿ.
ಓದಿದವರು ಎದ್ದು ನಿಂದ್ರಬೇಕು."

ಟೇಕ್ ಎಂದು ಹೊಡೆದೆ.
ಚಹಾವನ್ನೂ ಟೇಕ್ ಮಾಡುತ್ತಾರೆ, ಮಾತ್ರೆಯನ್ನೂ. ಅಳಿಸಿದೆ.
ಸೀಜ್ ಸರಕಾರದ ಪದ, ಮೊಹರು ಬೇಕು.
ಸ್ನ್ಯಾಚ್ ಸರಗಳ್ಳನದು, ಬೈಕು ಬೇಕು.
ಆಮೇಲೆ ನೆನಪಾಯಿತು, ಬೈಂದೂರಿನ ಶಾಲೆಯಲ್ಲಿ
ಬಾಳಿಗಾ ಮಾಸ್ತರರು ಬರೆಸಿದ್ದು: ರೆಸ್ಟ್.
ಮೊದಲಿಗೊಂದು ಡಬ್ಲ್ಯೂ. ಬರೆಯಬೇಕು, ಉಚ್ಚರಿಸಬಾರದು.
ತಿರುಚಿ ಕಿತ್ತುಕೊಳ್ಳುವುದು ಎಂದರ್ಥ, ಅನ್ನುತ್ತಲೇ
ನನ್ನ ಮಣಿಕಟ್ಟು ಹಿಡಿದು ಪೆನ್ಸಿಲ್ ಕಿತ್ತುಕೊಂಡಿದ್ದರು.
ಮಣಿಕಟ್ಟಿನ ಇಂಗ್ಲಿಷಿಗೂ ಅದೇ ಮೂಕ ಅಕ್ಷರ.

ನಮ್ಮಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ.
ಸುಮ್ಮನೆ ನಿಂತು ಅರ್ಥ ಹೊರುವ ಅಕ್ಷರವನ್ನು
ನಾನು ಮೊದಲು ಕಂಡದ್ದು ಅವತ್ತು.
ಇಲ್ಲಿ ದಿನವೂ ಕಾಣುತ್ತೇನೆ,
ಬೆಳಗಿನ ಐದಕ್ಕೆ, ನೀಲಿ ಮೇಲಂಗಿಯಲ್ಲಿ, ವ್ಯಾನಿಗೆ ಕಾಯುತ್ತ.

ಆ ಪದಕ್ಕೆ ಒಂದು ಹಟ:
ಯಾರಿಂದ ಎಂದು ಹೇಳದೆ ವಾಕ್ಯ ಮುಗಿಯಗೊಡದು.
ಬಿಗಿಯಾಗಿ ಹಿಡಿದ ಕೈಯೊಂದು ಇರಲೇಬೇಕು.
"ಹೇಗೆ ಕಸಿದುಕೊಂಡರು? ಕೈ ತಿರುಚಿದರಾ?"

ಫಕೀರವ್ವ ಹೊರಗೆ ನೋಡಿದಳು.
ಬೋಳು ಗುಡ್ಡ, ಅದರ ಮೇಲೆ ಬಿಸಿಲು.
"ಇಲ್ರೀ. ನಾನ ಕೊಟ್ಟೆ.
ಮನಿಗೆ ಬಂದ ಕೂಡ್ಲೆ ನೀರು ಕೊಟ್ಟರು, ಕುಡದೆ.
ಕೈ ಚಾಚಿದರು. ಎರಡೂ ಕೈಲೆ ಕೊಟ್ಟೆ,
ಎಲಿ ಅಡಕಿ ಕೊಟ್ಟಂಗ.
ಕಪಾಟಿನ್ಯಾಗ ಇಟ್ಟು ನಕ್ಕರು. ಆ ಮನಿಯಾಕಿ ಕೆಟ್ಟಾಕಿ ಅಲ್ಲ.
ಮೂರು ವರ್ಷಾತು. ಅವ್ವ ಸತ್ತಾಗ ಕೇಳಿದೆ,
ಹಬ್ಬ ಮುಗೀಲಿ ಅಂದ್ರು."

ನನ್ನ ಬೆರಳು ನಿಂತವು.
ಕನ್ನಡದಲ್ಲಾದರೆ ಕಸಿ ಅಂದರೆ ಸಾಕು.
ಒಂದು ಗಿಡದ ಕೊಂಬೆ ಕೊಯ್ದು ಇನ್ನೊಂದಕ್ಕೆ ಕಟ್ಟುವುದೂ ಕಸಿಯೇ;
ಗಾಯಕ್ಕೆ ಬಟ್ಟೆ ಸುತ್ತಿ ಕಾಯುತ್ತಾರೆ,
ಹಣ್ಣು, ಕಟ್ಟಿದವನದು.
ಎರಡೂ ಕೈಲಿ ಕೊಟ್ಟದ್ದನ್ನು ಕಿತ್ತುಕೊಂಡರು ಎನ್ನಲು
ಇಂಗ್ಲಿಷಿನ ಯಾವ ಪದಕೋಶ ಒಪ್ಪೀತು?
ನನ್ನ ಪಾಸ್‌ಪೋರ್ಟೂ ಅರಬಾಬನ ಡ್ರಾಯರಿನಲ್ಲಿದೆ,
ಪ್ಲಾಸ್ಟಿಕ್ ಹೊದಿಕೆ ಹಾಕಿ, ಜೋಪಾನವಾಗಿ.
ಹನ್ನೊಂದು ವರ್ಷ ಅದಕ್ಕೊಂದು ಕ್ರಿಯಾಪದ ಬೇಕೆಂದು
ನನಗೆ ಅನಿಸಿಯೇ ಇರಲಿಲ್ಲ.

"ಹೋದದ್ದು ಹೋತು," ಅಂದಳು, "ಈಗ ತಿರುಗಿ ತಗೋಬೇಕಲ್ಲ,
ಅದಕ್ಕೇನಂತಾರ?"

ಅದಕ್ಕೂ ಅದೇ ಪದ.
ಕರ್ತೃವನ್ನು ಬದಲಿಸಿದೆ, ಅಷ್ಟೆ.
ಸಾಲಿನ ಮೊದಲಿಗೆ 'ನಾನು, ಫಕೀರವ್ವ' ಬಂತು,
ಕಪಾಟು ಕೊನೆಗೆ ಹೋಯಿತು.
ಗಟ್ಟಿಯಾಗಿ ಓದಿದೆ.

"ರೆಸ್ಟಾ?" ಮೊದಲ ಸಲ ನಕ್ಕಳು.
"ಅದು ಗೊತ್ತೈತಿ ನನಗ. ಅದನ್ನಂತೂ ಒಂದ ದಿನಾನೂ ಕೊಟ್ಟಿಲ್ಲ."
ಇದು ಬೇರೆ, ಇದಕ್ಕೆ ಡಬ್ಲ್ಯೂ ಇದೆ, ಎಂದೆ.
ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ.
ಓದು ಬಾರದವಳು ಬಗ್ಗಿ ನೋಡಿದಳು, ಬಹಳ ಹೊತ್ತು.
"ಯಾರೋ ಎರಡೂ ಕೈ ಮ್ಯಾಲೆತ್ತಿದಂಗ ಐತಿ."

ಪ್ರಿಂಟರ್ ಕಾಗದವನ್ನು ಅರ್ಧ ಹೊರಗೆ ತಳ್ಳಿ
ಎಂದಿನಂತೆ ಕಚ್ಚಿಕೊಂಡಿತು.
ತಡಿ, ಅನ್ನುವಷ್ಟರಲ್ಲಿ
ಹಿಡಿದು, ತುಸು ತಿರುವಿ, ಎಳೆದೇಬಿಟ್ಟಳು.
ಒಂದು ಮೂಲೆ ಯಂತ್ರದಲ್ಲೇ ಉಳಿಯಿತು.

ರಿಯಾಲನ್ನು ಮೇಜಿನ ಮೇಲಿಟ್ಟು ಹೋದಳು.
ನಾನು ತೆಗೆದುಕೊಂಡೆ.